ಮೂರು ಗಂಟೆಯ ಮೇಜು

“ನಿಮ್ಮ ಮಶೀನಿಗೆ ಹಾಲೂ ಪಾಲೂ ಒಂದೇನಾ?”

ನಿಘಂಟು ಕಚೇರಿಯ ಪಂಡಿತೆ ಆ ಕೋಣೆಗೆ ಕಾಲಿಟ್ಟದ್ದೇ ಜಗಳಕ್ಕೆಂದು. ಕಂಪ್ಯೂಟರಿನ ಮುಂದಿದ್ದವನು ನಿಧಾನವಾಗಿ ತಲೆಯೆತ್ತಿದ. ಕಚೇರಿಯವರೆಲ್ಲ ಅವನನ್ನು ಮಶೀನ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

“ಹಳೇ ಬರಹದ ಪಕಾರ ಈಗ ಹಕಾರ ಆಗಿದೆ ಅಂತ ಹೇಳಿಕೊಟ್ಟವರು ನೀವೇ, ಪಂಡಿತರೇ. ಪಾಪ, ಅದು ನಂಬ್ಕೊಂಡಿದೆ.”

“ಹಾಗಂತ ಎಲ್ಲಾ ಕಡೆ ನಂಬೋದಾ?”

“ಅನುಮಾನ ಪಡೋದನ್ನ ಅದಕ್ಕಿನ್ನೂ ಯಾರೂ ಕಲಿಸಿಲ್ಲ. ಕೂತ್ಕೊಳ್ಳಿ, ನೀವೇ ಕಲಿಸಿ.”

ಜಗಳಕ್ಕೆ ಬಂದವಳು ಒಂದು ಗಂಟೆ ಕುಳಿತಳು.

ನೂರಾರು ವರ್ಷಗಳ ಕೈಬರಹಗಳಲ್ಲಿ ಒಂದೇ ಪದ ಹತ್ತು ವೇಷ ತೊಟ್ಟು ಕುಳಿತಿತ್ತು: ಹಸುರು, ಹಸಿರು, ಪಸುರ್. ಮೇಷ್ಟ್ರ ಪ್ರೋಗ್ರಾಮು ಅವುಗಳನ್ನು ಎರಡು ಬಗೆಯಲ್ಲಿ ಅಳೆಯುತ್ತಿತ್ತು. ಒಂದನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ತಿದ್ದಬೇಕು, ಕಿವಿಗೆ ಅವೆರಡೂ ಎಷ್ಟು ಹತ್ತಿರ ಎಂದು ಎಣಿಸಿ ನೂರಕ್ಕಿಷ್ಟು ಅಂಕ ಕೊಡುತ್ತಿತ್ತು. ತೊಂಬತ್ತು ದಾಟಿದ ಜೋಡಿ ತಾನಾಗಿಯೇ ಕೂಡಿಕೊಳ್ಳುತ್ತಿತ್ತು. ಐವತ್ತರ ಕೆಳಗಿನದು ಬೇರೆಯಾಗುತ್ತಿತ್ತು. ನಡುವೆ ತೂಗಾಡುವುದಕ್ಕೆ ಮಾತ್ರ ಮನುಷ್ಯರ ತೀರ್ಪು ಬೇಕು.

ಅದಕ್ಕೆ ಪ್ರಧಾನ ಸಂಪಾದಕರು ನಿಯಮವೊಂದನ್ನು ಮಾಡಿದ್ದರು. ವಿದ್ವತ್ತಿನ ಕಡೆಯಿಂದ ಪಂಡಿತೆ, ಸಾಮಾನ್ಯ ಓದುಗನಾಗಿ ಮೇಷ್ಟ್ರು, ಇಬ್ಬರೂ ಬೇರೆ ಬೇರೆ ಕೋಣೆಗಳ ಕಂಪ್ಯೂಟರುಗಳಲ್ಲಿ, ಒಬ್ಬರದನ್ನೊಬ್ಬರು ನೋಡದೆ ‘ಒಂದೇ’ ಅಥವಾ ‘ಬೇರೆ’ ಎಂದು ಗುರುತು ಹಾಕಬೇಕು. ಗುರುತುಗಳು ಕೂಡದಿದ್ದರೆ ಮಧ್ಯಾಹ್ನ ಮೂರಕ್ಕೆ ಕಿಟಕಿಯ ಮೇಜಿನಲ್ಲಿ ಎದುರುಬದುರು ಕುಳಿತು ಇತ್ಯರ್ಥ ಮಾಡಿಕೊಂಡು, ಅದನ್ನು ಬೇರೊಂದು ಕಾಲಮ್ಮಿನಲ್ಲಿ ಬರೆಯಬೇಕು.

ಮೂರರ ಬಿಸಿಲು ಆ ಮೇಜಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಹಳೆಯ ಪದವೊಂದನ್ನು ಅವಳು ಉಚ್ಚರಿಸಿದಾಗ ಅವನು ಧ್ವನಿಯನ್ನು ಹಿಡಿಯಲೆಂದು ಅವಳ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ ತಾನು ನೋಡುತ್ತಿದ್ದೇನೆಂಬುದು ನೆನಪಾಗಿ, ಥಟ್ಟನೆ ಕಾಗದಕ್ಕೆ ಕಣ್ಣಿಳಿಸುತ್ತಿದ್ದ.

“ಇನ್ನೊಂದ್ಸಲ ಹೇಳಿ.”

“ಕೇಳಿಸಲಿಲ್ವಾ?”

“ಕೇಳಿಸ್ತು. ಆದ್ರೂ ಹೇಳಿ.”

ದಿನ ಕಳೆದಂತೆ ಅವನು ಕಲಿತ, ಯಂತ್ರವೂ ಕಲಿಯಿತು. ಒಂದು ದಿನ ಇಬ್ಬರ ಗುರುತುಗಳೂ ಪೂರಾ ಕೂಡಿದವು. ಮೂರು ಗಂಟೆ ಬಂತು, ಹೋಯಿತು. ಅಂದಿನ ಮಧ್ಯಾಹ್ನ ಅವಳಿಗೆ ಮುಗಿಯಲೇ ಇಲ್ಲ.

ಮರುದಿನ, ಮಗುವೂ ಕೂಡಿಸಬಲ್ಲ ಜೋಡಿಯೊಂದರ ಮುಂದೆ ಅವಳ ಬೆರಳು ‘ಬೇರೆ’ ಎಂಬುದನ್ನು ಒತ್ತಿತು. ಕಣ್ಣುಮುಚ್ಚಿ ದೇವರನ್ನು ನೆನೆಯದೆ ಪುಸ್ತಕ ತೆರೆದವಳಲ್ಲ; ಅಕ್ಷರದ ಮುಂದೆ ಸುಳ್ಳಾಡಬೇಡ ಎಂದು ತಂದೆ ಕಲಿಸಿದ್ದನ್ನು ಮರೆತವಳೂ ಅಲ್ಲ. ಆದರೂ ಮೂರಕ್ಕೆ ಆ ಮೇಜು, ಆ ಬಿಸಿಲು, ಅವನ ನಗು ಸಿಕ್ಕವು.

ತಿಂಗಳ ಕೊನೆಗೆ ಸಂಪಾದಕರು ಇಬ್ಬರನ್ನೂ ಕರೆಸಿದರು.

“ಮೊದಲು ನೂರಕ್ಕೆ ಆರು ಜೋಡಿಯಲ್ಲಿ ನಿಮ್ಮ ಗುರುತು ಕೂಡ್ತಿರಲಿಲ್ಲ. ಈಗ ಹದಿನೆಂಟು! ಹಳೇ ಗ್ರಂಥಗಳನ್ನ ಅರೆದು ಕುಡಿದವಳು ಈಕೆ, ತಪ್ಪೋದುಂಟಾ? ನಾಳೆಯಿಂದ ಬೇರೆ ಓದುಗನನ್ನ ಹಾಕ್ತೀನಿ. ಏನಪ್ಪಾ?”

“ನಿಮ್ಮಿಷ್ಟ, ಸರ್,” ಎಂದ ಮೇಷ್ಟ್ರು. ಅಷ್ಟೇ.

ಅವಳು ಮೇಷ್ಟ್ರ ಕಡೆ ನೋಡಿದಳು. ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತದೆ. ಅವನ ಮೇಲೆ ಅಪವಾದ ನಿಲ್ಲುತ್ತದೆ.

“ತಪ್ಪು ನಂದು, ಸರ್. ನಲವತ್ತೊಂದು ಜೋಡಿಗೆ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಗುರುತು ಹಾಕಿದ್ದೀನಿ.”

ಸಂಪಾದಕರ ಕನ್ನಡಕ ಮೂಗಿನ ತುದಿಗೆ ಜಾರಿತು. “ಯಾಕಮ್ಮಾ?”

“ಮೂರು ಗಂಟೆಗೆ ಆ ಮೇಜಿಗೆ ಹೋಗೋಕೆ ನನಗೆ ಬೇರೆ ದಾರಿ ಹೊಳೀಲಿಲ್ಲ.”

ಸಂಪಾದಕರು ಅವಳನ್ನು ನೋಡಿದರು, ಅವನನ್ನು ನೋಡಿದರು.

“ಇತ್ಯರ್ಥದ ಕಾಲಮ್ಮಲ್ಲಿ ಏನಿದೆಯಪ್ಪಾ?”

“ಎಲ್ಲಾ ಸರಿಯಾಗಿದೆ, ಸರ್. ಮೇಜಿಗೆ ಬಂದು ಅರ್ಧ ಗಂಟೆ ವಾದ ಮಾಡಿ, ಪ್ರತಿಸಲ ಅವರೇ ಸೋಲ್ತಿದ್ರು.”

“ಹಾಗಾದ್ರೆ ನಿಘಂಟಿಗೆ ಏನೂ ಆಗಿಲ್ಲ. ಆಗಿರೋದು ನಿಮಗೆ. ಓದುಗ ಇವನೇ ಇರಲಿ. ನಿನ್ನ ನಲವತ್ತೊಂದು ಗುರುತನ್ನೂ ತಿದ್ದಿ ಸಹಿ ಹಾಕಮ್ಮಾ. ಈಗ ಹೊರಡಿ, ನನಗೆ ಕೆಲಸ ಇದೆ.”

ಹೊರಗೆ ಬಂದ ಮೇಲೆ ಅವಳು ನೆಲ ನೋಡುತ್ತಲೇ ಕೇಳಿದಳು: “ನಿಮಗೆ ಮೊದಲೇ ಗೊತ್ತಿತ್ತಾ?”

“ನಿಜವಾದ ಅನುಮಾನಕ್ಕೆ ನೀವು ಅರ್ಧ ನಿಮಿಷ ತಗೋತೀರಿ. ಮಗುವೂ ಕೂಡಿಸೋ ಪದಕ್ಕೆ ಹತ್ತು ನಿಮಿಷ! ಮಶೀನು ಎಲ್ಲಾ ಬರೆದಿಡುತ್ತೆ, ಪಂಡಿತರೇ.”

“ಗೊತ್ತಿದ್ದೂ ಬಾಯಿ ಬಿಡಲಿಲ್ಲ ನೀವು!”

“ಹೇಳಿದ್ರೆ ಸರಿ ಮಾಡ್ಬಿಡ್ತಿದ್ರಿ.”

ಮರುದಿನ ಅವಳು ನಲವತ್ತೊಂದನ್ನೂ ತಿದ್ದಿದಳು, ಅಚ್ಚಾದ ಪಟ್ಟಿಯಲ್ಲಿ ಒಂದೊಂದರ ಕೆಳಗೂ ಸಹಿ ಹಾಕಿದಳು. ಇತ್ಯರ್ಥಕ್ಕೆ ಒಂದು ಜೋಡಿಯೂ ಉಳಿದಿರಲಿಲ್ಲ. ಗಡಿಯಾರ ಮೂರು ಹೊಡೆಯಿತು. ಬರಿಗೈಯಲ್ಲೇ ಎದ್ದು, ಕಿಟಕಿಯ ಬಳಿಗೆ ನಡೆದಳು.

ಅವನು ಅಲ್ಲಿದ್ದ.

“ಫೈಲ್ ಎಲ್ಲಿ?”

“ಇಲ್ಲ.” ಈ ಸಲ ಅವಳ ಕಣ್ಣು ಕೆಳಗಿಳಿಯಲಿಲ್ಲ. “ನಿಮ್ಮನ್ನ ನೋಡೋಕೆ ಬಂದೆ.”

ಅವನು ಎದ್ದ. ಇಷ್ಟು ದಿನ ಎದುರಿಗಿದ್ದ ಅವಳ ಕುರ್ಚಿಯನ್ನು ಎತ್ತಿಕೊಂಡು ಬಂದು, ತನ್ನ ಕುರ್ಚಿಯ ಪಕ್ಕದಲ್ಲಿಟ್ಟ.