ಗೂಟದಲ್ಲೇ ಉಳಿದ ಚೀಲ

ಸೋಮವಾರ ಬೆಳಗ್ಗೆ ೯.೨೦ಕ್ಕೆ ಕುಹ್ಮೊ ಠಾಣೆಗೆ ಬಂದ ರೈಯಾ ಟಾಸ್ಕಿನೆನ್, ಕುರ್ಚಿ ತೋರಿಸಿದರೂ ಕೂರಲಿಲ್ಲ. ವೃದ್ಧರ ಆರೈಕೆ ಮನೆಯಲ್ಲಿದ್ದ ಅವಳ ತಂದೆ ವೇಯ್ನೊ ಹಿಂದಿನ ದಿನ ಆಸ್ಪತ್ರೆ ಸೇರಿದ್ದರು. ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು.

"ಶನಿವಾರ ಸಂಜೆ ಫೋನಲ್ಲಿ, ಸೌನಾದಲ್ಲಿ ಹಬೆ ಸ್ನಾನ ಆದಾಗಿಂದ ಕಿಬ್ಬೊಟ್ಟೆ ಕಲ್ಲಾಗಿದೆ ಅಂದ್ರು ಅಪ್ಪ. ಆರೈಕೆ ಮನೆಯ ಚಾರ್ಟ್‌ನಲ್ಲಿ ಮಾತ್ರ ಮೂತ್ರ ಚೆನ್ನಾಗಿ ಹೋಗಿದೆ ಅಂತಿದೆ. ಡಾಕ್ಟ್ರು ಅದನ್ನೇ ನಂಬಿ, ಇದು ಬೇರೇನೋ ಕಾಯಿಲೆ ಅಂತ ಮಧ್ಯಾಹ್ನ ಎರಡಕ್ಕೆ ಮೂತ್ರಪಿಂಡಕ್ಕೆ ಸೂಜಿ ಹಾಕಿ ತುಣುಕು ತೆಗೀತಾರಂತೆ. ರಕ್ತ ತೆಳುವಾಗೋ ಮಾತ್ರೆ ನುಂಗೋ ಮನುಷ್ಯ! ರಕ್ತ ನಿಲ್ಲದೇ ಹೋದ್ರೆ?"

ಇನ್ಸ್‌ಪೆಕ್ಟರ್ ಇರ್ಮೆಲಿ ಲಾಂಪಿ ಎಫ್‌ಐಆರ್ ದಾಖಲಿಸಿ ವೈದ್ಯರಿಗೆ ಫೋನ್ ಮಾಡಿದರು.

"ಚಾರ್ಟ್ ಸುಳ್ಳು ಅಂತ ತೋರಿಸಿ, ನಿಲ್ಲಿಸ್ತೀನಿ. ಬರೀ ಅನುಮಾನಕ್ಕೆ ಕಾಯೋಕಾಗಲ್ಲ" ಎಂದರು ವೈದ್ಯರು.

೧೦.೦೫ಕ್ಕೆ ಆರೈಕೆ ಮನೆ. ಕಾನ್‌ಸ್ಟೆಬಲ್ ಯೌನಿ ಚಾರ್ಟ್ ಓದಿದ. "ಶುಕ್ರವಾರ ೧೮೦, ೪೨೦, ೯೫ ಎಂಎಲ್. ಶನಿವಾರ ರಾತ್ರಿ ಎಂಟಕ್ಕೆ ೩೦೦, ಹನ್ನೆರಡಕ್ಕೆ ೩೦೦, ಬೆಳಗ್ಗೆ ಆರಕ್ಕೂ ೩೦೦. ಪ್ರತಿ ಸಲ ಅದೇ ಅಳತೆ! ಅಜ್ಜ ಹಾಲಿನ ಡೇರಿ ಇಟ್ಟಿದ್ರಾ ಮೇಡಂ?"

"ತಮಾಷೆ ಸಾಕು. ಸಹಿ ಯಾರದು?"

ಹೆಲ್ವಿ ಕೊಸ್ಕೆಲಾ. ಇಪ್ಪತ್ತೇಳು ವರ್ಷ ಸೇವೆ ಮಾಡಿದ ನರ್ಸ್. ಚಾರ್ಟ್ ನಂಬಬೇಡಿ, ಹೊಟ್ಟೆ ಮುಟ್ಟಿ ನೋಡಿ, ಕಾಲಿನ ಬಾವು ಒತ್ತಿ ನೋಡಿ ಎಂದು ಅಲ್ಲಿನವರಿಗೆಲ್ಲ ಕಲಿಸಿದವಳು ಅವಳೇ. ಬರುವ ಶುಕ್ರವಾರ ನಿವೃತ್ತಿ. ಕಾಫಿ ಕೋಣೆಯ ಗೋಡೆಯ ಮೇಲೆ ಬೀಳ್ಕೊಡುಗೆಯ ಕೇಕಿಗೆ ಹಣ ಕೊಟ್ಟವರ ಪಟ್ಟಿ ಅಂಟಿಸಿತ್ತು.

"ಹೆಲ್ವಿನಾ? ಛೇ, ನಮ್ಮ ತಪ್ಪು ಹಿಡಿದು ಬೈಯೋಳು ಅವಳು!" ಎಂದಳು ಸಹಾಯಕಿ ಉಲ್ಲಾ.

"ಶನಿವಾರ ಸೌನಾಗೆ ಕರ್ಕೊಂಡು ಹೋದೋರು ಯಾರು?"

"ನಾನೇ. ಮೂರು ಗಂಟೆಗೆ ಅಜ್ಜನ ಮೂತ್ರದ ಕೊಳವೆಗೆ ಬಿರಡೆ ಹಾಕಿ, ಚೀಲ ಬಿಚ್ಚಿ ಖಾಲಿ ಮಾಡಿ ಗೂಟಕ್ಕೆ ನೇತು ಹಾಕಿದೆ. ಬಿಸಿಯಲ್ಲಿ ಚೀಲ ಇಟ್ಕೊಳಲ್ಲ ನಾವು. ಹೊರಗೆ ಬಂದ್ಮೇಲೆ ಬಿರಡೆ ತೆಗೆದು ಚೀಲ ಜೋಡಿಸೋದು ಪಾಳಿಯ ನರ್ಸ್ ಕೆಲಸ."

ಇನ್ಸ್‌ಪೆಕ್ಟರ್ ಸೌನಾದ ಹೊರಕೋಣೆಯ ಬಾಗಿಲು ತೆರೆಸಿದರು. ಶನಿವಾರದ ನಂತರ ಯಾರೂ ಅತ್ತ ಹೋಗಿರಲಿಲ್ಲ. ಮೂರನೇ ಗೂಟದಲ್ಲಿ ಒಂದು ಚೀಲ ಇನ್ನೂ ತೂಗುತ್ತಿತ್ತು. ಮೇಲೆ 'ವೇ. ಟಾಸ್ಕಿನೆನ್, ಶನಿ, ೧೫.೦೦' ಎಂಬ ಚೀಟಿ. ಒಳಗೆ ಒಂದು ಹನಿಯೂ ಇರಲಿಲ್ಲ.

ಯೌನಿ ಉಗ್ರಾಣದ ಪುಸ್ತಕ ತಂದ. ವೇಯ್ನೊ ಹೆಸರಿನಲ್ಲಿ ಹೊಸ ಚೀಲ ಹೋಗಿದ್ದು ಭಾನುವಾರ ಬೆಳಗ್ಗೆ ೯.೧೦ಕ್ಕೆ. ಅಂದರೆ ಹದಿನೆಂಟು ಗಂಟೆ ಆ ಮನುಷ್ಯನಿಗೆ ಚೀಲವೇ ಇರಲಿಲ್ಲ. ಈ ಸಲ ಯೌನಿಗೆ ತಮಾಷೆ ಹೊಳೆಯಲಿಲ್ಲ.

೧೧.೪೦ಕ್ಕೆ ಪಂಚನಾಮೆ ಮುಗಿಯಿತು. ೧೨.೧೫ಕ್ಕೆ ಹೆಲ್ವಿಯನ್ನು ಕಾಫಿ ಕೋಣೆಗೆ ಕರೆಸಿದರು. ಚೀಲ ಕಂಡದ್ದೇ ಅವಳು ಅದರ ಚೀಟಿ ಓದಿ, ಕುರ್ಚಿ ಎಳೆದು ಕೂತಳು.

"ಚೀಲ ಇಲ್ದೆ ಮುನ್ನೂರು ಎಲ್ಲಿ ಅಳೆದ್ರಿ?"

"ಅಳೀಲಿಲ್ಲ. ರಾತ್ರಿ ಪಾಳಿಯವಳಿಗೆ ಜ್ವರ, ನಾನೇ ಮುಂದುವರಿಸಿದೆ. ಬಿರಡೆ ಮರೆತೇಹೋಯ್ತು."

"ಹೊಟ್ಟೆನೋವು ಅಂದಿರಲಿಲ್ವಾ?"

"ಅಂದ್ರು. ನೋವಿನ ಮಾತ್ರೆ ಕೊಟ್ಟೆ."

"ಹೊಟ್ಟೆ ಮುಟ್ಟಿ ನೋಡಿದ್ರಾ?"

ಹೆಲ್ವಿ ತಲೆಯಾಡಿಸಿದಳು. ಇಲ್ಲ.

"ಬಿರಡೆ ತೆಗೆದಾಗ ಎಷ್ಟು ಬಂತು?"

"ಸಾವಿರದ ಆರುನೂರು. ಅಳೆದೆ, ಚೆಲ್ಲಿದೆ. ಅದನ್ನ ಬರೆಯೋಕೆ ಕೈ ಬರಲಿಲ್ಲ. ಚಾರ್ಟಿನ ಖಾಲಿ ಚೌಕಗಳಿಗೆ ಮುನ್ನೂರು ತುಂಬಿಸಿ, ಅದರ ಪ್ರತಿ ಆಂಬುಲೆನ್ಸ್ ಜೊತೆ ಕಳಿಸಿದೆ."

"ಡಾಕ್ಟ್ರು ಅದನ್ನ ನಂಬಿ ಎರಡು ಗಂಟೆಗೆ ಸೂಜಿ ಹಾಕ್ತಿದಾರೆ, ಗೊತ್ತಾ?"

ಹೆಲ್ವಿ ಎದ್ದು ಫೋನಿಗೆ ಕೈಚಾಚಿದಳು. ೧೨.೩೫ಕ್ಕೆ ಅವಳೇ ವೈದ್ಯರಿಗೆ ಗಂಟೆ, ಪ್ರಮಾಣ, ಮಾತ್ರೆ ಎಲ್ಲವನ್ನೂ ಹೇಳಿದಳು. ಒಂದು ಲೆಕ್ಕವೂ ತಪ್ಪಲಿಲ್ಲ. ಸೂಜಿ ರದ್ದಾಯಿತು.

೧.೧೦ಕ್ಕೆ ಬಂಧನ. ಇಪ್ಪತ್ತೇಳು ವರ್ಷ ಎಲ್ಲರ ತಪ್ಪು ತಿದ್ದಿದವಳಿಗೆ, ತನ್ನ ಒಂದು ತಪ್ಪನ್ನು ಒಪ್ಪಿಕೊಂಡು ಅದೇ ಜನರ ಮುಂದೆ ಕೇಕು ಕತ್ತರಿಸುವ ಧೈರ್ಯ ಇರಲಿಲ್ಲ. ದೋಷಾರೋಪ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲವಾದ್ದರಿಂದ ಇನ್ಸ್‌ಪೆಕ್ಟರ್ ಬರೆದುಕೊಳ್ಳಲಿಲ್ಲ.

ಕಾರಿನಲ್ಲಿ ಹೆಲ್ವಿ ಒಂದೇ ಮಾತು ಕೇಳಿದಳು. "ಈಗ ಎಷ್ಟು ಬರ್ತಿದೆ ಅವರಿಗೆ?"

ಇನ್ಸ್‌ಪೆಕ್ಟರ್ ಫೋನ್ ಮಾಡಿ ವಿಚಾರಿಸಿದರು. "ಹೋದ ಗಂಟೆ ನಲವತ್ತು ಎಂಎಲ್ ಅಂತೆ."

"ನೋಡಿ ಹೇಳಿದ್ರಾ, ಚಾರ್ಟ್ ಓದಿ ಹೇಳಿದ್ರಾ?"

"ಮಗಳು ಪಕ್ಕದಲ್ಲೇ ಕೂತು ನೋಡ್ತಿದಾಳೆ."

ಹೆಲ್ವಿ ಆಗ ಅತ್ತಳು.