ತಿರುಗದ ಕುತ್ತಿಗೆಯ ಹುಡುಗಿ

“ತಂಗಿ, ಒಮ್ಮಿ ಹೊಳ್ಳಿ ನೋಡವಾ...”

ರೇವವ್ವನ ಎದೆ ಧಸಕ್ಕೆಂದಿತು. ಎಪ್ಪತ್ತನಾಲ್ಕನೇ ಇಸವಿಯ ಹತ್ತಿ ಬಿಡಿಸುವ ಕಾಲ. ತಿರ್ಲಾಪುರಕ್ಕೆ ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆ ಗೌರಕ್ಕ, ಚಹಾ ಕೊಟ್ಟು ಒಳಗೆ ಹೊರಟವಳನ್ನು ಬೇಕೆಂದೇ ಬೆನ್ನ ಹಿಂದಿನಿಂದ ಕರೆದಿದ್ದಳು. ಹುಡುಗಿಗೆ ಕಿವಿ ಕೇಳುತ್ತದೋ ಇಲ್ಲವೋ ನೋಡಬೇಕಲ್ಲ!

ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ತಿರುಗದಿದ್ದದ್ದು ಕುತ್ತಿಗೆ. ಹುಟ್ಟಿನಿಂದಲೇ ಅಲ್ಲಿನ ಎಲುಬುಗಳು ಬೆಸೆದುಕೊಂಡಿವೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ರೇವವ್ವ ಇಡೀ ಮೈಯನ್ನೇ ತಿರುಗಿಸಿ ನಿಂತಳು.

ಪಡಸಾಲೆ ಗಪ್ಪಾಯಿತು. ಹಿಂದೊಮ್ಮೆ ನೋಡಲು ಬಂದಿದ್ದ ಬೇರೊಬ್ಬ ಗಂಡು ಇದನ್ನು ನೋಡಿಯೇ ಅರ್ಧ ಚಹಾ ಬಿಟ್ಟು ಎದ್ದು ಹೋಗಿದ್ದ.

ಆದರೆ ಈ ಸಲದ ಗಂಡು ಈರಬಸಪ್ಪನ ಮುಖ ಅರಳಿತು! ಅವನ ಕಣ್ಣು ಅವಳ ಕುತ್ತಿಗೆಯ ಮೇಲೇ ಇತ್ತು.

“ನನಗ ಒಪ್ಪಿಗಿ ಐತ್ರಿ,” ಅಂದುಬಿಟ್ಟ.

ಕುಂಟೆತ್ತು ಕಂಡು ಹಿಗ್ಗುವ ಗಿರಾಕಿ ಎಲ್ಲಾದರೂ ಇದ್ದಾನೆಯೇ? ಇದರಲ್ಲೇನೋ ಮಸಲತ್ತಿದೆ... ರೇವವ್ವನಿಗೆ ಸಂತೋಷಕ್ಕಿಂತ ಮೊದಲು ಸಂಶಯ ಬಂತು.

ಗೌರಕ್ಕ ಬಾಯಿ ಬಿಟ್ಟ ಮೇಲೆ ಅದು ಇನ್ನೂ ಗಟ್ಟಿಯಾಯಿತು.

“ಇವಗ ಎಲುಬಿನ ಹುಚ್ಚರಿ. ಧಾರವಾಡದ ಕಾಲೇಜಿನ್ಯಾಗ ಕಲಸ್ತಾನ. ಯಾವ ಕಾಲಕ್ಕೋ ಸತ್ತು ಕಲ್ಲಾದ ಮೀನಂತ, ಅದರ ಕುತ್ತಿಗಿ ಎಲುಬು ಕೂಡಿ ಒಂದಾಗ್ಯಾವಂತ... ಯಾವಾಗಲೂ ಅದರದ ಧ್ಯಾಸ.”

ಓಹೋ, ಹೀಗೋ ವಿಷಯ! ಇವನಿಗೆ ಬೇಕಾದದ್ದು ಹೆಂಡತಿಯಲ್ಲ, ಗಾಜಿನ ಕಪಾಟಿನಲ್ಲಿ ಇಡಲು ಒಂದು ಕುತ್ತಿಗೆ. ಮದುವೆಯಾಗದಿದ್ದರೂ ಚಿಂತೆಯಿಲ್ಲ, ಮೀನಾಗಿ ಮಾತ್ರ ಯಾರ ಮನೆಗೂ ಹೋಗಲಾರೆ...

ಅವನು ಕೈ ತೊಳೆಯಲು ಹಿತ್ತಲಿಗೆ ಬಂದಾಗ ತಂಬಿಗೆ ಹಿಡಿದು ತಾನೇ ಹೋದಳು. ಅವ್ವ ಬಾಗಿಲಲ್ಲಿ ನಿಂತು ಕಾದಳು.

“ಖರೇ ಹೇಳ್ರಿ. ನನ್ನ ನೋಡಿ ಒಪ್ಪಿದ್ರೋ, ಮೀನ ನೆನಸಿ ಒಪ್ಪಿದ್ರೋ?”

ಅವನು ತಡವರಿಸಿದ. “ಆ ಮೀನಿಗೆ ಎಲುಬಿನ ಕವಚ ಇತ್ರಿ. ತಲಿ ಅಗದಿ ಭಾರ. ಅದನ್ನ ಹೊರಾಕ ಕುತ್ತಿಗಿ ಹಂಗ ಕೂಡಿರಬೇಕು. ಅದು ರೋಗ ಅಲ್ರಿ...”

“ನಾ ಮೀನಿನ ಸುದ್ದಿ ಕೇಳಿಲ್ಲ.”

“ಮೊದಲ ಕುತ್ತಿಗೀನ ನೋಡಿದ್ನಿ. ಸುಳ್ಳು ಹೇಳಂಗಿಲ್ಲ.”

ಒಪ್ಪಿಕೊಂಡನಲ್ಲ, ಕಳ್ಳ! ಅವಳು ತಂಬಿಗೆಯನ್ನು ಕಲ್ಲಿನ ಮೇಲೆ ಕುಕ್ಕಿದಳು.

“ಹಂಗಾರ ಹೋಗ್ರಿ. ನಾಳೆ ಹುಡುಗರ ಮುಂದ ನನ್ನ ನಿಂದರಿಸಿ ಪಾಠಾ ಹೇಳ್ತೀರಿ.”

“ಇಲ್ರಿ. ಕುತ್ತಿಗಿ ನೋಡಿ ಹಿಗ್ಗಿದ್ದು ಖರೆ. ಒಪ್ಪಿದ್ದು ಅದಕ್ಕಲ್ಲ. ಎಲ್ಲಾರೂ ಗಪ್ಪಾದಾಗ ನೀವು ತಲಿ ತಗ್ಗಸಲಿಲ್ಲ.”

“ನನ್ನ ತಲಿ ತಗ್ಗಂಗ ಇಲ್ರಿ!”

“ಕಣ್ಣು ತಗ್ಗಸಬಹುದಿತ್ತಲ್ರಿ... ತಗ್ಗಸಲಿಲ್ಲ. ಒಬ್ಬೊಬ್ಬರನ್ನೂ ನೆಟ್ಟಗ ನೋಡಿದ್ರಿ. ನಾ ಅಲ್ಲೇ ಸೋತೆ.”

ಇಷ್ಟು ವರ್ಷ ಜನ ರೇವವ್ವನ ಕುತ್ತಿಗೆ ನೋಡಿದ್ದರು. ಅದರ ಮೇಲಿನ ಕಣ್ಣನ್ನು ಯಾರೂ ನೋಡಿರಲಿಲ್ಲ. ಆದರೂ ಹೆಣ್ಣಿನ ಸಂಶಯ ಅಷ್ಟು ಸುಲಭಕ್ಕೆ ಹೋದೀತೇ?

“ಈ ಕುತ್ತಿಗಿ ಮುಟ್ಟಿ ನೋಡಬೇಕಂತ ಅನಸೂದಿಲ್ಲೇನು?”

“ಅನಸ್ತೈತ್ರಿ...” ಅವನ ಕಿವಿ ಕೆಂಪಾಯಿತು. “ತಾಳಿ ಕಟ್ಟೂವಾಗ.”

ರೇವವ್ವ ಅವತ್ತು ಮೊದಲ ಸಲ ನಕ್ಕಳು.

“ಹಂಗಾರ ಲಗೂನ ಬರ್ರಿ.”