ಮರದಲ್ಲೇ ಮಾಗಲು ಬಿಟ್ಟ ಹಣ್ಣು

"ತೆಗೀಬ್ಯಾಡಿ!"

ಚಂದ್ರಲೇಖಾ ಬೆಚ್ಚಿಬಿದ್ದಳು. ಅವಳ ಕೈ ಹಿತ್ತಲ ಬಾಗಿಲಿನ ಚಿಲಕದ ಮೇಲಿತ್ತು. ಅಷ್ಟರಲ್ಲಿ ಯಾರೋ ಓಡಿಬಂದು ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು.

ತಿರುಗಿ ನೋಡಿದಳು. ಎತ್ತರದ ಆಳು, ಮಣ್ಣು ಮೆತ್ತಿದ ಪಂಚೆ... ಕಣ್ಣಲ್ಲಿ ಮಾತ್ರ ಎಂಥದೋ ದಿಗಿಲು!

"ಮೊದಲು ಕೈ ಬಿಡಿ!"

ಅವನು ತಟ್ಟನೆ ಕೈ ಬಿಟ್ಟ. "ತಪ್ಪಾಯ್ತು... ಆ ಬಾಗ್ಲು ತೆಗೆಯಲ್ಲ ನಾವು."

"ಮನೆ ಕೊಂಡ್ಕೊಳ್ಳೋಕೆ ಬಂದಿದೀನಿ. ಹಿತ್ತಲು ನೋಡೋದು ಬೇಡ್ವಾ?"

"ನೋಡಿ. ಪಕ್ಕದ ಸಂದಿಯಿಂದ ಸುತ್ಕೊಂಡು ಹೋಗಿ ನೋಡಿ."

ಅಷ್ಟೇ. ಮುಖ ಕೊಟ್ಟು ಮಾತಾಡದೆ ಹೊರಗೆ ಹೋಗಿಬಿಟ್ಟ.

‘ಏನು ಮನುಷ್ಯನಪ್ಪಾ ಇವನು!’ ಅವಳ ಮಣಿಕಟ್ಟು ಇನ್ನೂ ಉರಿಯುತ್ತಿತ್ತು.

ಮನೆ ತೋರಿಸಲು ಕರೆತಂದಿದ್ದ ದಲ್ಲಾಳಿ ಸೊಣ್ಣಪ್ಪ ಹಲ್ಲು ಕಿರಿದ. "ಓನರ್ ಮಾದೇಶ್ ಮೇಡಂ. ಗುಲಾಬಿ ಬೆಳೀತಾನೆ. ಮಾತು ಒರಟು, ಮನ್ಸು ಒಳ್ಳೇದು. ಊರಂತೂ ರೊಂಬ ಅಮೈದಿ, ಬಲು ಶಾಂತ! ಸಾಯಂಕಾಲ ಆರು ಗಂಟೆ ಆಯ್ತು ಅಂದ್ರೆ ಒಂದು ಸದ್ದಿರಲ್ಲ."

ಯಾಕೆ ಸದ್ದಿರಲ್ಲ ಅನ್ನುವುದನ್ನು ಅವನು ಹೇಳಲಿಲ್ಲ. ಮನೆ ಮಾರಿಸುವವರು ಯಾವತ್ತು ಪೂರ್ತಿ ಹೇಳಿದ್ದಾರೆ! ಅದು ಸಾನಮಾವು ಕಾಡಿನ ಅಂಚಿನ ಊರು. ಆನೆ ಬರುತ್ತವೆ ಅನ್ನುವುದು ಅವಳಿಗೂ ಗೊತ್ತಿತ್ತು. ಹೊಲಕ್ಕೆ ತಾನೇ ಬರೋದು, ಅಂದುಕೊಂಡಿದ್ದಳು.

ಅವಳಿಗೆ ಬೇಕಿದ್ದದ್ದು ಆ ಮೌನವೇ.

ಐದು ವರ್ಷದ ಹಿಂದೆ ಗಂಡ ಕುಮಾರೇಶ್ ಬೆಳಗಿನ ಶಿಫ್ಟಿಗೆ ಹೋದವನು, ಹೈವೇಯಲ್ಲಿ ಲಾರಿಗೆ ಸಿಕ್ಕಿ ಮತ್ತೆ ಮನೆಗೆ ಬರಲಿಲ್ಲ. ಅಂದಿನಿಂದ ಚಂದ್ರಲೇಖಾ ಮತ್ತಿಗಿರಿಯ ಬಾಡಿಗೆ ಮನೆ, ಹೊಸೂರಿನ ವಾಚ್ ಫ್ಯಾಕ್ಟರಿ, ಇವೆರಡರ ನಡುವೆ ಓಡಾಡಿಕೊಂಡಿದ್ದಳು. ಓನರ್ ರುಕ್ಮಿಣಮ್ಮ ಕೆಟ್ಟವರೇನಲ್ಲ. ಆದರೆ ಮನೆಯವರೆಲ್ಲ ರೇಷ್ಮೆ ಸೀರೆ ಉಟ್ಟು ಶುಭಕಾರ್ಯಕ್ಕೆ ಹೊರಡುವಾಗ, "ಚಂದ್ರಾ, ಐದು ನಿಮಿಷ ಒಳಗಿರಮ್ಮ" ಅನ್ನುತ್ತಿದ್ದರು. ಎದುರಿಗೆ ಬರಬಾರದಲ್ಲ... ಅವಳು ಬಾಗಿಲು ಮುಚ್ಚಿಕೊಂಡು, ಗೇಟಿನ ಸದ್ದು ಕೇಳುವವರೆಗೂ ಗೋಡೆಗೆ ಒರಗಿ ನಿಲ್ಲುತ್ತಿದ್ದಳು.

‘ನನ್ನದೇ ಒಂದು ಹೊಸ್ತಿಲು ಬೇಕು. ಒಳಗೆ ಹೋಗು ಅಂತ ಯಾರೂ ಹೇಳದ ಹೊಸ್ತಿಲು!’ ಅವಳಿಗಿದ್ದದ್ದು ಅದೊಂದೇ ಆಸೆ.

ಸಂದಿಯಿಂದ ಸುತ್ತಿಕೊಂಡು ಹಿತ್ತಲಿಗೆ ಹೋದವಳು ನಿಂತುಬಿಟ್ಟಳು. ಹಲಸಿನ ಮರ! ಬೊಡ್ಡೆಯ ತುಂಬ ಮುಷ್ಟಿಗಾತ್ರದ ಎಳೆಕಾಯಿಗಳು. ಎಷ್ಟೋ ದಿನದ ಮೇಲೆ ಅವಳಿಗೆ ನಗು ಬಂತು.

"ನಮ್ಮಪ್ಪ ಪ್ರತಿ ವರ್ಷ ಒಂದು ಹಣ್ಣು ಮರದಲ್ಲೇ ಮಾಗೋಕೆ ಬಿಡ್ತಿದ್ರು. ನಾನೂ ಒಂದು ಬಿಡ್ತೀನಿ!"

ದೂರದಲ್ಲಿ ನಿಂತಿದ್ದ ಮಾದೇಶನ ಮುಖ ಬಿಳಿಚಿಕೊಂಡಿತು. ಅವಳು ಅದನ್ನು ಗಮನಿಸಲಿಲ್ಲ.

ಮರುವಾರವೇ ತಾಂಬೂಲ ಬದಲಾಯಿಸಿ ಮಾತು ಗಟ್ಟಿ ಮಾಡಿಕೊಂಡರು. ಮಾದೇಶ ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ. ಚಂದ್ರಲೇಖಾ ತಡವರಿಸಿದಳು. "ನಂಗೆ... ಕುಂಕುಮದ್ದು ಕೊಡಲ್ಲ ಯಾರೂ."

"ಮನೆ ತಗೊಳೋರು ನೀವು ತಾನೇ? ನಿಮ್ಗಲ್ದೆ ಇನ್ಯಾರಿಗೆ ಕೊಡ್ಲಿ?"

ಅವಳ ಕಣ್ಣು ತುಂಬಿ ಬಂತು. ಆ ಕಾಯಿ ಮತ್ತಿಗಿರಿಯಲ್ಲಿ ಅವಳ ದೇವರ ಗೂಡು ಸೇರಿತು.

ಆಮೇಲೆ ಪ್ರತಿ ರಜೆಗೂ ಒಂದಲ್ಲ ಒಂದು ನೆಪ ಹುಡುಕಿಕೊಂಡು ಆ ಊರಿನ ಬಸ್ಸು ಹತ್ತುತ್ತಿದ್ದಳು. ಅದೇ ಬೀದಿಯ ಇನ್ನೊಂದು ಮನೆಯಲ್ಲಿದ್ದ ಮಾದೇಶನ ತಾಯಿ ಅಂಜಮ್ಮ ಮಜ್ಜಿಗೆ ತಂದುಕೊಟ್ಟರೆ ಅವನು ಮುಳ್ಳು ಸವರಿದ ಗುಲಾಬಿಯ ಕಟ್ಟು ತರುತ್ತಿದ್ದ. ಜಗಲಿಯ ಆ ತುದಿಗೆ ಅವನು, ಈ ತುದಿಗೆ ಅವಳು. ಅವನ ಹೆಂಡತಿ ತೀರಿಕೊಂಡಿದ್ದಾಳೆ ಅನ್ನುವುದಷ್ಟೇ ಅವಳಿಗೆ ಗೊತ್ತಾಗಿತ್ತು. ಹೇಗೆ ಅಂತ ಕೇಳಲು ಬಾಯಿ ಬಂದಿರಲಿಲ್ಲ.

ಆದರೆ ರಿಜಿಸ್ಟ್ರೇಷನ್ ಮಾತೆತ್ತಿದರೆ ಅವನು ತಲೆ ತಗ್ಗಿಸುತ್ತಿದ್ದ. "ಇನ್ನೊಂದ್ ಸ್ವಲ್ಪ ದಿನ ತಡೀರಿ." ನಾಲ್ಕು ಗಂಟೆಯಾದರೆ ಸಾಕು, "ಬಸ್ಸು ಬತ್ತದೆ, ಹೊರಡಿ" ಅಂತ ಎಬ್ಬಿಸಿಬಿಡುತ್ತಿದ್ದ.

‘ನಾನು ಇಲ್ಲಿರೋದು ಇಷ್ಟ ಇಲ್ವಾ ಇವರಿಗೆ?’ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿದೇ ಇತ್ತು.

ಯುಗಾದಿ ಕಳೆದ ಭಾನುವಾರ. ಸಂದಿಯಲ್ಲಿ ಬರುತ್ತಿದ್ದವಳಿಗೆ ಹಿತ್ತಲಿನಿಂದ ಮಾದೇಶನ ದನಿ ಕೇಳಿಸಿತು.

"ಒಂಟಿ ಹೆಂಗ್ಸಿಗೆ ಈ ಮನೆ ಬ್ಯಾಡ ಕಣಣ್ಣೋ. ಬೇರೆ ಯಾವ್ದಾದ್ರೂ ತೋರ್ಸು."

"ತಾಂಬೂಲ ಕೊಟ್ಟು ಹಿಂಗಂದ್ರೆ ಹೆಂಗ್ಲಾ?" ಅದು ಸೊಣ್ಣಪ್ಪನ ದನಿ.

ಅವಳು ಎರಡು ಹೆಜ್ಜೆ ಮುಂದೆ ಇಟ್ಟಳು. ಅಯ್ಯೋ... ಮರವೇ ಇರಲಿಲ್ಲ! ಕಡಿದ ಬುಡದಿಂದ ಬಿಳಿ ಹಾಲು ಇಳಿಯುತ್ತಿತ್ತು. ಎಳೆಕಾಯಿಗಳು ನೆಲದ ತುಂಬ ಉರುಳಿದ್ದವು.

"ಯಾಕೆ ಕಡಿಸಿದ್ರಿ?"

ಮಾದೇಶ ಕೈಲಿದ್ದ ಕೊಡಲಿ ಕೆಳಗಿಟ್ಟ.

"ಹಲಸಿನ ಮರಕ್ಕೆ ಒಳ್ಳೇ ರೇಟು ಬರುತ್ತಲ್ವಾ! ಮಾರ್ಕೊಂಡ್ರಾ?"

"ಮಾರಿಲ್ಲ."

"ಮತ್ತೆ? ಗಂಡ ಇಲ್ಲದವಳಿಗೆ ಮನೇನೂ ಬೇಡ, ಮರಾನೂ ಬೇಡ ಅಂತಾನಾ? ಹೇಳಿ! ನೀವೂ ಎಲ್ಲರ ಥರಾನೇ... ನಾನೇ ದಡ್ಡಿ!"

ಅವಳು ಅಳುತ್ತಲೇ ಬಸ್ಸು ಹತ್ತಿದಳು. ಮಾರನೇ ದಿನವೇ ಸೊಣ್ಣಪ್ಪನ ಕೈಯಲ್ಲಿ ಆ ತೆಂಗಿನಕಾಯಿಯನ್ನು ವಾಪಸ್ ಕಳಿಸಿಬಿಟ್ಟಳು.

ಬೇಸಿಗೆ ಕಳೆಯಿತು, ಆಷಾಢವೂ ಕಳೆಯಿತು. ದೇವರ ಗೂಡಿನಲ್ಲಿ ಕಾಯಿ ಇದ್ದ ಜಾಗ ಖಾಲಿಯೇ ಇತ್ತು. ಅಲ್ಲಿ ಬೇರೇನನ್ನೂ ಇಡಲು ಅವಳಿಗೆ ಮನಸ್ಸಾಗಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ. ರುಕ್ಮಿಣಮ್ಮನ ಮನೆಯವರು ಸೀಮಂತಕ್ಕೆ ಹೊರಟಿದ್ದರು. ಚಂದ್ರಲೇಖಾ ಎಂದಿನಂತೆ ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿದ್ದಳು. ಬಾಗಿಲು ಬಡಿದ ಸದ್ದಾಯಿತು.

ಅಂಜಮ್ಮ! ಬಿಸಿಲಿಗೆ ಮುಖ ಕೆಂಪಾಗಿತ್ತು.

"ಯಾಕವ್ವ, ಹಗಲೊತ್ತಲ್ಲಿ ಬಾಗ್ಲು ಹಾಕ್ಕೊಂಡಿದ್ದೀಯಾ?"

ಚಂದ್ರಲೇಖಾ ಕಾರಣ ಹೇಳಿದಳು. ಅಂಜಮ್ಮ ಅವಳ ಕೈಹಿಡಿದು ಎಳೆದುಕೊಂಡು ಬಂದು ಹೊಸ್ತಿಲ ಮೇಲೇ ಕೂರಿಸಿಕೊಂಡಳು.

"ನಮ್ಮೂರಲ್ಲಿ ಹಲಸು ಯಾರೂ ಹಣ್ಣಾಗಕ್ಕೆ ಬಿಡಲ್ಲ ಕಣವ್ವ. ಎಳೇದ್ರಲ್ಲೇ ಕಿತ್ತು ಸಾರು ಮಾಡ್ಬುಡ್ತೀವಿ. ಹಣ್ಣಿನ ವಾಸ್ನೆಗೆ ದೊಡ್ಡವ್ರು ಬತ್ತಾರೆ."

ಆ ಊರಿನವರು ಆನೆಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಚಂದ್ರಲೇಖಾಗೆ ಅರ್ಥವಾಯಿತು.

"ನನ್ ಸೊಸೆ ರಾಧಾಮಣಿ... ಗಂಡಂಗೆ ಹಣ್ಣು ಅಂದ್ರೆ ಪ್ರಾಣ ಅಂತ ಒಂದೇ ಒಂದನ್ನ ಎಲೆ ಮರೇಲಿ ಬಿಟ್ಟಿದ್ಲು. ಯಾರ್ಗೂ ಹೇಳಿರಲಿಲ್ಲ. ಬೆಳಗಿನ ಜಾವ ಕಿತ್ಕೊಂಡ್ ಬರಾನ ಅಂತ ಹಿತ್ಲ ಬಾಗ್ಲು ತೆಗದ್ಲು. ಬಾಗ್ಲಲ್ಲೇ ನಿಂತಿತ್ತು ಕಣವ್ವ..."

ಅಂಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಂದ್ರಲೇಖಾ ಅವಳ ಭುಜ ಹಿಡಿದುಕೊಂಡಳು.

"ನಾಲ್ಕು ವರ್ಷ ಆ ಮನೆ ಒಳಕ್ಕೆ ಕಾಲಿಡ್ಲಿಲ್ಲ ನನ್ ಮಗ. ಆವತ್ತು ನಿನ್ ಕೈ ಚಿಲಕದ ಮೇಲೆ ನೋಡಿ ಓಡ್ಬಂದ್ನಲ್ಲ, ಅದೇ ಮೊದ್ಲು. ನೀನು ಮರದಡೀಲಿ ನಿಂತು ಒಂದ್ ಹಣ್ಣು ಬಿಡ್ತೀನಿ ಅಂದ್ಯಂತೆ. ಆವತ್ತು ಅನ್ನ ಮುಟ್ಟಲಿಲ್ಲ."

"ಅಮ್ಮಾ... ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಸಾವಾದ ಮನೆ ಅಂದ್ರೆ ಯಾರೂ ತಗೊಳಲ್ಲ ಅಂತ ಸೊಣ್ಣಪ್ಪ ಬಾಯಿ ಕಟ್ದ. ಹೇಳ್ದೆ ಕೊಡಕ್ಕೆ ಇವನ್ ಮನ್ಸು ಒಪ್ಪಲಿಲ್ಲ, ಅದ್ಕೇ ನಿಂಗೆ ಬೇರೆ ಮನೆ ತೋರ್ಸು ಅಂದಿದ್ದು. ರಾಧಾಮಣಿ ದಿನಾ ಆ ಮರದಡೀಲಿ ಕೂತು ಹೂ ಕಟ್ತಿದ್ಲು. ಕಡ್ದಾಕ್ಲಾ ಅಂತ ನಾನು ಎಷ್ಟು ಬಡ್ಕೊಂಡ್ರೂ ಕೊಡ್ಲಿ ಮುಟ್ಟಲಿಲ್ಲ ಅವ್ನು. ನಿಂಗೋಸ್ಕರ ಕಡ್ದ."

ಚಂದ್ರಲೇಖಾ ಬಿಕ್ಕಿದಳು. ತಾನಾಡಿದ ಒಂದೊಂದು ಮಾತೂ ನೆನಪಾಯಿತು. ಹೆಂಡತಿಯ ನೆನಪನ್ನೇ ಕಡಿದು ನಿಂತವನನ್ನು ‘ಮಾರ್ಕೊಂಡ್ರಾ’ ಅಂತ ಕೇಳಿದ್ದಳಲ್ಲ!

"ಆ ಮರ ಒಣಗ್ಸಿ ಹಿತ್ಲಿಗೆ ಹೊಸ ಬಾಗ್ಲು ಮಾಡ್ಸವ್ನೆ. ನಾಳೆ ಶುಕ್ರವಾರ ನಿಲ್ಲಿಸ್ತಾರೆ. ಬರೋದು ಬಿಡೋದು ನಿನ್ನಿಷ್ಟ ತಾಯಿ."

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಬಂದಿಳಿದಳು.

ಹಳೆಯ ಬಾಗಿಲು ಕಿತ್ತ ಜಾಗದಲ್ಲಿ ಬೆಳಕು ನುಗ್ಗಿತ್ತು. ಅರಿಶಿನ ಬಳಿದ ಹಲಸಿನ ಚೌಕಟ್ಟಿನ ಒಂದು ಕಂಬ ಹಿಡಿದು ಮಾದೇಶ ನಿಂತಿದ್ದ. ಇನ್ನೊಂದು ಕಂಬ ಗೋಡೆಗೆ ಒರಗಿತ್ತು. ಬಾಗಿಲು ನಿಲ್ಲಿಸುವಾಗ ಎರಡು ಕಡೆಯಿಂದ ಗಂಡ ಹೆಂಡತಿ ಹಿಡಿಯುವುದು ಅಲ್ಲಿನ ಪದ್ಧತಿ. ಬಡಗಿ ದೂರ ನಿಂತಿದ್ದ.

"ಬಂದ್ರಾ..." ಮಾದೇಶ ತಲೆಯೆತ್ತಿದ.

"ಬಂದೆ. ಅಮ್ಮ ಎಲ್ಲ ಹೇಳಿದ್ರು. ನನ್ನ ಮಾತು ತಪ್ಪಾಯ್ತು, ಕ್ಷಮಿಸಿ."

"ಒಂದು ಮಾತು ಅಮ್ಮಂಗೂ ಗೊತ್ತಿಲ್ಲ." ಅವನು ಕಂಬಕ್ಕೆ ಹಣೆ ಒತ್ತಿದ. "ಆವತ್ತು ಅವ್ಳು ಚಿಲಕ ತೆಗೆದ ಸದ್ದು ನಂಗೆ ಕೇಳಿಸ್ತು. ಎದ್ದು ಹೋಗ್ಲಿಲ್ಲ. ಮಗ್ಗುಲು ಬದಲಾಯಿಸಿ ಮಲಕ್ಕೊಂಡ್ಬುಟ್ಟೆ..."

ಚಂದ್ರಲೇಖಾ ಕಿತ್ತಿಟ್ಟ ಹಳೆಯ ಬಾಗಿಲಿನ ಚಿಲಕದ ಕಡೆ ನೋಡಿದಳು.

"ಕುಮಾರೇಶ್ ಬೈಕ್ ಸ್ಟಾರ್ಟ್ ಮಾಡಿದ್ದು ನಂಗೂ ಕೇಳಿಸಿತ್ತು," ಅಂದಳು. "ದಿನಾ ಹೋಗಿ ಬಾಗಿಲಲ್ಲಿ ನಿಲ್ತಿದ್ದೆ. ಆವತ್ತು ಒಂದಿನ ನಿಲ್ಲಲಿಲ್ಲ."

ಇಬ್ಬರೂ ಅತ್ತರು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಆಮೇಲೆ ಮಾದೇಶ ಕಣ್ಣೊರೆಸಿಕೊಂಡು ಕೇಳಿದ. "ಆ ಕಡೆ ಹಿಡ್ಕೊಳ್ತೀರಾ?"

"ನಾನು ಹಿಡೀಬಾರ್ದು... ಶಾಸ್ತ್ರ..."

"ಶಾಸ್ತ್ರಕ್ಕೂ ಇಬ್ರು ಬೇಕು. ನಂಗೆ ನೀವು ಬೇಕು. ನೀವಲ್ದೆ ಬೇರೆ ಯಾರು ಹಿಡಿದ್ರೂ ಈ ಬಾಗ್ಲು ನಂಗೆ ಬ್ಯಾಡ!"

ಅವಳು ಮುಂದೆ ಬಂದಳು. ಎರಡೂ ಕೈಯಿಂದ ಕಂಬ ಹಿಡಿದು ಎತ್ತಿದಳು. ಚೌಕಟ್ಟು ನೆಟ್ಟಗೆ ನಿಂತಿತು. ಅಂಜಮ್ಮ ಒಳಗಿನಿಂದ ಹಳದಿ ಬಟ್ಟೆಯಲ್ಲಿ ಸುತ್ತಿದ ಒಣಗಿದ ತೆಂಗಿನಕಾಯಿ ತಂದು ಬಾಗಿಲ ಮೇಲೆ ಕಟ್ಟಿಸಿದಳು. ಅದೇ ತಾಂಬೂಲದ ಕಾಯಿ. ಅವನು ಅದನ್ನು ಇಷ್ಟು ದಿನ ಇಟ್ಟುಕೊಂಡಿದ್ದ!

ಸಂಜೆಯ ಹೊತ್ತಿಗೆ ಹೊಸ ಕದ, ಹೊಸ ಚಿಲಕ ಕೂತವು. ನಾಲ್ಕು ಗಂಟೆಯ ಬಸ್ಸು ಹೋದ ಸದ್ದು ಕೇಳಿಸಿತು. ಹೊರಡಿ ಅಂತ ಅವನು ಹೇಳಲಿಲ್ಲ.

"ಮನೆ ರಿಜಿಸ್ಟರ್ ಮಾತ್ರ ನನ್ನ ಹೆಸರಿಗೇ ಆಗ್ಬೇಕು," ಹೊಸ್ತಿಲ ಮೇಲೆ ಕೂತು ಅವಳು ಹೇಳಿದಳು.

"ಆಗ್ಲಿ. ಮತ್ತೆ ನಾನು?"

"ನೀವು ಬಾಡಿಗೆಗಿರಿ."

ಅವನ ಮುಖದಲ್ಲಿ ಸಣ್ಣ ನಗು ಮೂಡಿತು. "ಬಾಡಿಗೆ ಏನು ಕೊಡ್ಬೇಕು?"

ಚಂದ್ರಲೇಖಾ ಹೊಸ ಚಿಲಕವನ್ನು ಬೆರಳಿಂದ ಮೆಲ್ಲಗೆ ಸವರಿದಳು.

"ದಿನಾ ಬೆಳಿಗ್ಗೆ ಇದರ ಸದ್ದು ಕೇಳಿಸಿದ್ರೆ... ಎದ್ದು ಬರ್ಬೇಕು."

ಮಾದೇಶನ ಕಣ್ಣು ಮತ್ತೆ ತುಂಬಿತು. ಅವಳ ಮಣಿಕಟ್ಟನ್ನು ಈ ಸಲ ಮೆಲ್ಲಗೆ ಹಿಡಿದುಕೊಂಡ.

"ಬತ್ತೀನಿ," ಅಂದ.